ಊರಿಂದೂರಿಗೆ ಬದಲಾಗುವ ಕರುಳಿನ ಕ್ಯಾನ್ಸರ್: ನಮ್ಮ ವಿಳಾಸಕ್ಕೂ ಅದಕ್ಕೂ ಏನು ಸಂಬಂಧ?

ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳಲ್ಲಿರುವ ನಮ್ಮ ಬಂಧುಗಳು ದೊಡ್ಡ ಕಾಯಿಲೆ ಬಂದಾಗ ಮೊದಲು ನೆನೆಯುವ ಊರು ಹೈದರಾಬಾದ್. ಎರಡು ಮೂರು ತಲೆಮಾರುಗಳಿಂದ ಇಲ್ಲಿ ನೆಲೆನಿಂತ ಕನ್ನಡ ಮನೆಗಳಲ್ಲಿ ಇಂತಹ ಅತಿಥಿಗಳು ಬಂದಿಳಿಯದ ವರ್ಷವಿಲ್ಲ. ಬೆಳಗಿನ ರೈಲಿಗೆ ಬರುತ್ತಾರೆ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರೊಳಗೆ ಎಕ್ಸ್‌ರೇ ಲಕೋಟೆಗಳು, ಜೊತೆಗೆ ಮನೆಗೆಂದು ಕಟ್ಟಿಕೊಂಡು ಬಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಅವರನ್ನು ಕರೆದುಕೊಂಡು ನಾವು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತೇವೆ. ಕಿಟಕಿಯ ಆಚೆಯಿಂದ "ವಿಳಾಸ?" ಎಂಬ ಪ್ರಶ್ನೆ ಬರುತ್ತದೆ. "ನಮ್ಮ ಮನೀದೇ ಬರಸ್ರಿ ಮಾವ, ಹಳ್ಳಿ ಹೆಸರು ಹೇಳಿದರ ಇವರಿಗೆ ತಿಳಿಯೂದಿಲ್ಲ" ಎಂದು ನಾವೇ ಹೇಳಿ ಬರ್ಕತ್‌ಪುರದ್ದೋ ನಲ್ಲಕುಂಟದ್ದೋ ವಿಳಾಸವನ್ನು ಬರೆಸಿಬಿಡುತ್ತೇವೆ.

ಇದರಲ್ಲಿ ಮೋಸವೇನೂ ಇಲ್ಲ, ಅನುಕೂಲದ ಮಾತು. ಆದರೆ ಆ ಒಂದು ಸಾಲಿನಿಂದ ಬೀದರ ಜಿಲ್ಲೆಯ ಒಂದು ಕ್ಯಾನ್ಸರ್ ಕಾಗದದ ಮೇಲೆ ನೂರ ನಲವತ್ತು ಕಿಲೋಮೀಟರಿನಷ್ಟು ಪ್ರಯಾಣ ಮಾಡಿ ಹೈದರಾಬಾದಿನದಾಗಿಬಿಡುವ ಸಾಧ್ಯತೆ ಇದೆ. ಇದರಿಂದ ಯಾರಿಗೆ ಏನು ನಷ್ಟ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಉದಾಹರಣೆಗಾಗಿ ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರನ್ನು ಆರಿಸಿಕೊಂಡಿದ್ದೇವೆ. ಊರಿನಿಂದ ಊರಿಗೆ, ದೇಶದಿಂದ ದೇಶಕ್ಕೆ ಇದರಷ್ಟು ವ್ಯತ್ಯಾಸ ತೋರಿಸುವ ಕ್ಯಾನ್ಸರುಗಳು ಕಡಿಮೆ. ಇನ್ನೊಂದು ಕಾರಣವೂ ಉಂಟು. ಇದರ ಬಗ್ಗೆ ಮಾತನಾಡಲು ನಮ್ಮ ಮನೆಗಳಲ್ಲಿ ಬಹಳ ಸಂಕೋಚ.

ಮೊದಲು ರೋಗದ ಪರಿಚಯ. ಸಣ್ಣ ಕರುಳು ಮುಗಿದಲ್ಲಿಂದ ಗುದದ್ವಾರದವರೆಗಿನ ಭಾಗವೇ ದೊಡ್ಡಕರುಳು ಮತ್ತು ಗುದನಾಳ. ಇದರ ಒಳಪದರದಲ್ಲಿ ವಯಸ್ಸಾದಂತೆ ಕೆಲವರಿಗೆ ಸಣ್ಣ ಗಂಟುಗಳು ಮೂಡುತ್ತವೆ. ವೈದ್ಯರು ಇವನ್ನು ಪಾಲಿಪ್ ಎನ್ನುತ್ತಾರೆ. ಬಹುಪಾಲು ಪಾಲಿಪ್‌ಗಳು ಏನೂ ಮಾಡದೆ ಹಾಗೆಯೇ ಉಳಿಯುತ್ತವೆ. ಕೆಲವು ಮಾತ್ರ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡು ಕ್ಯಾನ್ಸರಾಗಿ ಬದಲಾಗುತ್ತವೆ. ಈ ದೀರ್ಘಾವಧಿಯೇ ಈ ರೋಗದಲ್ಲಿರುವ ದೊಡ್ಡ ಅವಕಾಶ. ಕೊಲೊನೋಸ್ಕೋಪಿ ಎಂಬ ಪರೀಕ್ಷೆಯಲ್ಲಿ ಪಾಲಿಪ್ ಕಂಡರೆ ಅಲ್ಲಿಯೇ ಕತ್ತರಿಸಿ ತೆಗೆಯಬಹುದು. ಅಂದರೆ ಕ್ಯಾನ್ಸರನ್ನು ಬೇಗ ಕಂಡುಹಿಡಿಯುವುದಷ್ಟೇ ಅಲ್ಲ, ಬಾರದಂತೆಯೇ ತಡೆಯಬಹುದು. ಎಲ್ಲ ಕ್ಯಾನ್ಸರುಗಳಿಗೂ ಇಂತಹ ಭಾಗ್ಯವಿಲ್ಲ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ವರ್ಷ ಸುಮಾರು 19 ಲಕ್ಷ ಜನರಿಗೆ ಈ ರೋಗ ಹೊಸದಾಗಿ ಬಂದಿತು, 9 ಲಕ್ಷ ಜನ ಸತ್ತರು. ಹೊಸ ರೋಗಿಗಳ ಲೆಕ್ಕದಲ್ಲಿ ಇದು ಎಲ್ಲ ಕ್ಯಾನ್ಸರುಗಳ ಪೈಕಿ ಮೂರನೆಯದು, ಸಾವಿನ ಲೆಕ್ಕದಲ್ಲಿ ಎರಡನೆಯದು. ಭಾರತದಲ್ಲಿ ಅದೇ ವರ್ಷದ ಅಂದಾಜು ಸುಮಾರು 70 ಸಾವಿರ ಹೊಸ ರೋಗಿಗಳು, ಸುಮಾರು 41 ಸಾವಿರ ಸಾವುಗಳು. ಡೆನ್ಮಾರ್ಕ್, ನಾರ್ವೆಗಳಂತಹ ದೇಶಗಳಲ್ಲಿ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ 40ಕ್ಕೂ ಹೆಚ್ಚು ಮಂದಿಗೆ ಈ ರೋಗ ಬಂದರೆ ನಮ್ಮಲ್ಲಿ ಸುಮಾರು 5 ಮಂದಿಗೆ. ಎಂಟು ಪಟ್ಟಿಗೂ ಹೆಚ್ಚಿನ ಅಂತರ! ಇದನ್ನು ನೋಡಿ "ನಮ್ಮ ರಕ್ತವೇ ಬೇರೆ" ಎಂದು ಬೀಗುವವರುಂಟು. ರಕ್ತದ ಪಾತ್ರ ಅಷ್ಟಿಲ್ಲವೆಂದು ಬಹಳ ಹಿಂದೆಯೇ ಗೊತ್ತಾಗಿದೆ. ಜಪಾನಿನಲ್ಲಿ ಒಂದು ಕಾಲಕ್ಕೆ ಈ ರೋಗ ಅಪರೂಪವಾಗಿತ್ತು. ಅಲ್ಲಿಂದ ಹವಾಯಿಗೂ ಅಮೆರಿಕೆಗೂ ವಲಸೆ ಹೋದವರಲ್ಲಿ ಅದು ಕೆಲವೇ ದಶಕಗಳಲ್ಲಿ ಅಮೆರಿಕದವರ ಮಟ್ಟಕ್ಕೆ ಏರಿತೆಂಬುದನ್ನು ಹೇನ್ಜೆಲ್ ಮತ್ತು ಕುರಿಹಾರ ಎಂಬ ಸಂಶೋಧಕರು 1968ರಲ್ಲಿ ಪ್ರಕಟಿಸಿದರು. ರಕ್ತ ಅದೇ, ನೆಲ ಬೇರೆ, ತಟ್ಟೆ ಬೇರೆ. ವಲಸೆ ಬಂದ ನಮ್ಮಂತಹವರಿಗೆ ಇದು ಸುಮ್ಮನೆ ಓದಿ ಮುಂದಕ್ಕೆ ಹೋಗುವ ಸಂಗತಿಯಲ್ಲ.

ರೋಗವನ್ನು ನಕಾಶೆಯ ಮೇಲೆ ಗುರುತಿಸುವ ಪದ್ಧತಿ ಹಳೆಯದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ಗುರುತು ಹಾಕುತ್ತ ಹೋಗಿ, ಎಲ್ಲವೂ ಒಂದು ನೀರಿನ ಪಂಪಿನ ಸುತ್ತ ಇರುವುದನ್ನು ತೋರಿಸಿಕೊಟ್ಟರು. ನಮ್ಮ ಸಿಕಂದರಾಬಾದಿನಲ್ಲಿಯೇ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. ಬೇಗಂಪೇಟೆಯ ಆ ಕಟ್ಟಡ ಇಂದಿಗೂ ಇದೆ. ಇಂತಹ ಕಥೆಗಳನ್ನು ಶಾಲೆಯಲ್ಲಿ ಓದಿ ಬೆಳೆದ ನಮಗೆ ಪ್ರತಿಯೊಂದು ರೋಗಕ್ಕೂ ಒಂದು ಪಂಪು, ಒಂದು ಸೊಳ್ಳೆ ಇರಲೇಬೇಕೆಂಬ ನಿರೀಕ್ಷೆ. ನಮ್ಮ ಬೀದಿಯಲ್ಲಿ ಒಂದೇ ವರ್ಷ ಮೂವರಿಗೆ ಕ್ಯಾನ್ಸರ್ ಬಂದರೆ ನೀರನ್ನೋ ಮೊಬೈಲ್ ಗೋಪುರವನ್ನೋ ದೂರುತ್ತೇವೆ. ಕರುಳಿನ ಕ್ಯಾನ್ಸರಿಗೆ ಅಂತಹ ಒಂದೇ ಪಂಪು ಇಲ್ಲ. ಅನೇಕ ಸಣ್ಣ ಕಾರಣಗಳು, ಹತ್ತಾರು ವರ್ಷಗಳ ಅವಧಿ. ಆ ಅವಧಿಯಲ್ಲಿ ಮನುಷ್ಯ ಮೂರು ಮನೆ ಬದಲಿಸಿರುತ್ತಾನೆ.

ಬೀದಿಯ ಮಟ್ಟದಲ್ಲಿ ಇನ್ನೊಂದು ತೊಡಕಿದೆ, ಅದು ಗಣಿತದ್ದು. ಒಂದು ಮೊಹಲ್ಲಾದಲ್ಲಿ 40,000 ಜನರಿದ್ದಾರೆ ಎಂದುಕೊಳ್ಳೋಣ. ಲಕ್ಷಕ್ಕೆ 5ರಂತೆ ಅಲ್ಲಿ ವರ್ಷಕ್ಕೆ ಸರಾಸರಿ 2 ಜನರಿಗೆ ಈ ರೋಗ ಬರಬೇಕು. ಎಲ್ಲ ರೀತಿಯಲ್ಲೂ ಒಂದೇ ತೆರನಾದ ಅಂತಹ ನೂರು ಮೊಹಲ್ಲಾಗಳನ್ನು ತೆಗೆದುಕೊಂಡರೂ, ಕೇವಲ ಆಕಸ್ಮಿಕವಾಗಿಯೇ, ಹದಿಮೂರು ಹದಿನಾಲ್ಕರಲ್ಲಿ ಆ ವರ್ಷ ಒಬ್ಬ ರೋಗಿಯೂ ಇರುವುದಿಲ್ಲ. ಸುಮಾರು ಐದರಲ್ಲಿ ಐದು ಅಥವಾ ಹೆಚ್ಚು ರೋಗಿಗಳಿರುತ್ತಾರೆ. ಚುಕ್ಕಿ ರಂಗೋಲಿಯ ಮೇಲೆ ಒಂದು ಹಿಡಿ ತೊಗರಿಬೇಳೆ ಎರಚಿ ನೋಡಿ. ಕೆಲವು ಮನೆಗಳಲ್ಲಿ ಗುಂಪು, ಕೆಲವು ಖಾಲಿ. ಕೈ ಯಾರ ಮೇಲೂ ಪಕ್ಷಪಾತ ಮಾಡಿರುವುದಿಲ್ಲ. ಆದ್ದರಿಂದಲೇ ಸಂಖ್ಯಾಶಾಸ್ತ್ರಜ್ಞರು ಹಲವು ವರ್ಷಗಳ ಲೆಕ್ಕವನ್ನು ಕೂಡಿಸುತ್ತಾರೆ, ಅಕ್ಕಪಕ್ಕದ ಪ್ರದೇಶಗಳ ಅಂಕಿಗಳನ್ನೂ ಗಣನೆಗೆ ತಂದುಕೊಂಡು ನಕಾಶೆಯನ್ನು ನಯಗೊಳಿಸುತ್ತಾರೆ.

ವಯಸ್ಸಿನ ಮಾತೂ ಇದೆ. ಕಾಚಿಗೂಡ, ನಲ್ಲಕುಂಟಗಳ ಹಳೆಯ ಮನೆಗಳಲ್ಲಿ ನಿವೃತ್ತರು ಹೆಚ್ಚು. ಕೊಂಡಾಪುರ, ಗಚ್ಚಿಬೌಲಿಗಳ ಎತ್ತರದ ಕಟ್ಟಡಗಳಲ್ಲಿ ಮೂವತ್ತರ ಆಸುಪಾಸಿನವರು ಹೆಚ್ಚು. ಕ್ಯಾನ್ಸರ್ ಮುಖ್ಯವಾಗಿ ವಯಸ್ಸಾದವರ ರೋಗವಾದುದರಿಂದ ಕೇವಲ ತಲೆ ಎಣಿಸಿದರೆ ಕಾಚಿಗೂಡವೇ ಅಪಾಯದ ಜಾಗವೆಂದು ಕಾಣುತ್ತದೆ. ಎರಡೂ ಕಡೆ ಒಂದೇ ವಯೋಮಾನದ ಜನರಿದ್ದಿದ್ದರೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿ ಹೋಲಿಸುವುದಕ್ಕೆ ವಯೋಹೊಂದಾಣಿಕೆಯ ದರ ಎನ್ನುತ್ತಾರೆ. ಈ ಲೇಖನದಲ್ಲಿ ಕೊಟ್ಟಿರುವ ಊರೂರಿನ ದರಗಳೆಲ್ಲ ಅಂತಹವೇ.

ಇನ್ನು ಎಣಿಸುವವರು ಯಾರು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರ ಕೊನೆಯಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿತು. 1982ರ ಜನವರಿಯಿಂದ ಬೆಂಗಳೂರು, ಮುಂಬಯಿ, ಮದರಾಸುಗಳಲ್ಲಿ ಎಣಿಕೆ ನಡೆಯಿತು. ಬೆಂಗಳೂರಿನ ಹೊಣೆ ಕಿದ್ವಾಯಿ ಸಂಸ್ಥೆಯದು. ಈ ಕಾರ್ಯಕ್ರಮದ ಕೇಂದ್ರ ಕಚೇರಿಯೂ ಬೆಂಗಳೂರಿನಲ್ಲಿಯೇ ಇದೆ ಎಂಬುದು ಕನ್ನಡಿಗರು ಹೆಮ್ಮೆಪಡಬಹುದಾದ ವಿಷಯ. ಹೈದರಾಬಾದ್ ಬಹಳ ತಡವಾಗಿ ಸೇರಿತು. ಪಂಜಗುಟ್ಟದ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿರುವ ನೋಂದಣಿ ಕೇಂದ್ರದಿಂದ 2014ರಿಂದ 2016ರವರೆಗಿನ ಅಂಕಿಗಳು 2020ರ ರಾಷ್ಟ್ರೀಯ ವರದಿಯಲ್ಲಿ ಪ್ರಕಟವಾದವು.

ಇಂತಹ ನೋಂದಣಿಯ ಕೆಲಸ ಕಚೇರಿಯಲ್ಲಿ ಕುಳಿತು ಆಗುವುದಲ್ಲ. ಸಿಬ್ಬಂದಿ ಸರಕಾರಿ, ಖಾಸಗಿ ಆಸ್ಪತ್ರೆಗಳಿಗೂ ಪ್ರಯೋಗಾಲಯಗಳಿಗೂ ಖುದ್ದಾಗಿ ಹೋಗಿ ಕಡತ ತೆರೆದು ಬರೆದುಕೊಳ್ಳುತ್ತಾರೆ, ಮರಣ ದಾಖಲೆಗಳನ್ನು ತಾಳೆ ನೋಡುತ್ತಾರೆ, ಒಬ್ಬನೇ ರೋಗಿ ಮೂರು ಆಸ್ಪತ್ರೆಗೆ ಹೋಗಿದ್ದರೆ ಮೂರು ಬಾರಿ ಎಣಿಕೆಯಾಗದಂತೆ ಎಚ್ಚರ ವಹಿಸುತ್ತಾರೆ. ಮುಖ್ಯವಾದ ನಿಯಮವೊಂದಿದೆ: ರೋಗಿ ಎಲ್ಲಿ ಚಿಕಿತ್ಸೆ ಪಡೆದನೆಂಬುದಲ್ಲ, ಎಲ್ಲಿ ವಾಸಿಸುತ್ತಾನೆ ಎಂಬುದು ಲೆಕ್ಕಕ್ಕೆ ಬರಬೇಕು. ಕನಿಷ್ಠ ಒಂದು ವರ್ಷದಿಂದ ಆ ಪ್ರದೇಶದ ನಿವಾಸಿಯಾಗಿದ್ದವನೇ ಅಲ್ಲಿನ ರೋಗಿ. ಹಾಗಿಲ್ಲದಿದ್ದರೆ ದೊಡ್ಡ ಆಸ್ಪತ್ರೆಗಳಿರುವ ಊರುಗಳೆಲ್ಲ ಕ್ಯಾನ್ಸರ್ ಊರುಗಳಾಗಿ, ಆಸ್ಪತ್ರೆಯೇ ಇಲ್ಲದ ಊರುಗಳು ಆರೋಗ್ಯದ ತವರುಗಳಾಗಿ ಕಾಣುತ್ತವೆ. ಮೇಲೆ ಹೇಳಿದ ನಮ್ಮ ಮಾವನವರ ವಿಳಾಸದ ಮಹತ್ವ ಇಲ್ಲಿ ತಿಳಿಯುತ್ತದೆ. ಸಿಬ್ಬಂದಿ ಅನುಮಾನ ಬಂದಲ್ಲಿ ವಿಚಾರಿಸುತ್ತಾರೆ, ನಿಜ. ಆದರೆ ಬರ್ಕತ್‌ಪುರದ ವಿಳಾಸ, ಅಲ್ಲಿಯದೇ ಫೋನ್ ಸಂಖ್ಯೆ ಇರುವಾಗ ಅನುಮಾನ ಏಕೆ ಬರಬೇಕು?

ಹೈದರಾಬಾದಿನ ಈ ಅಂಕಿಗಳನ್ನು ಓದುವಾಗ ಒಂದು ಮಾತನ್ನು ನೆನಪಿನಲ್ಲಿಡಬೇಕು. 2014ರಿಂದ 2016ರ ಆ ಲೆಕ್ಕ ಹೈದರಾಬಾದ್ ಜಿಲ್ಲೆಗೆ ಸೇರಿದ್ದು, ಇಡೀ ಮಹಾನಗರದ್ದಲ್ಲ. 2011ರ ಜನಗಣತಿಯಂತೆ ಜಿಲ್ಲೆಯಲ್ಲಿದ್ದವರು 39 ಲಕ್ಷಕ್ಕೂ ಹೆಚ್ಚು. ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದ್ದವರು ಸುಮಾರು 67 ಲಕ್ಷ. ಕಾಚಿಗೂಡ ಒಳಗೆ ಬರುತ್ತದೆ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ತಂತ್ರಾಂಶದ ಉದ್ಯೋಗಕ್ಕೆಂದು ಬಂದ ನಮ್ಮ ಯುವ ಕುಟುಂಬಗಳಿರುವ ಗಚ್ಚಿಬೌಲಿ, ಕೊಂಡಾಪುರ, ಮಿಯಾಪುರಗಳು ರಂಗಾರೆಡ್ಡಿ ಜಿಲ್ಲೆಯವು, ಅಂದರೆ ಹೊರಗೆ. ಸಾಲದುದಕ್ಕೆ 2016ರ ಅಕ್ಟೋಬರಿನಲ್ಲಿ ತೆಲಂಗಾಣದ 10 ಜಿಲ್ಲೆಗಳು 31 ಆದವು. ಹಳೆಯ ರಂಗಾರೆಡ್ಡಿಯೇ ಮೂರಾಯಿತು. ಗೆರೆಯನ್ನು ಬೇರೆ ಕಡೆ ಎಳೆದರೆ ನಕಾಶೆಯ ಬಣ್ಣ ಬದಲಾಗುತ್ತದೆ, ಒಬ್ಬ ಮನುಷ್ಯನೂ ಮನೆ ಬದಲಿಸದೆ.

ಈಗ ದೇಶದ ನಕಾಶೆಯನ್ನು ನೋಡೋಣ. 2020ರ ವರದಿಯಲ್ಲಿ 28 ನೋಂದಣಿ ಕೇಂದ್ರಗಳ ಲೆಕ್ಕವಿದೆ. ಎಲ್ಲ ಬಗೆಯ ಕ್ಯಾನ್ಸರುಗಳನ್ನೂ ಕೂಡಿಸಿದಾಗ ಪುರುಷರಲ್ಲಿ ಅತಿ ಹೆಚ್ಚಿನ ದರ ಮಿಜೋರಾಮಿನ ಐಜ್ವಾಲ್ ಜಿಲ್ಲೆಯದು, ಲಕ್ಷಕ್ಕೆ 269.4. ಬೆಂಗಳೂರಿನಲ್ಲಿ 122.1, ಹೈದರಾಬಾದ್ ಜಿಲ್ಲೆಯಲ್ಲಿ 101.6. ಅತಿ ಕಡಿಮೆ ಎಲ್ಲಿ? ಮಹಾರಾಷ್ಟ್ರದ ಉಸ್ಮಾನಾಬಾದ್ ಮತ್ತು ಬೀಡ ಜಿಲ್ಲೆಗಳಲ್ಲಿ, ಕೇವಲ 39.5. ನಮ್ಮ ಹಿರಿಯರಿಗೆ ಈ ಹೆಸರುಗಳು ಅಪರಿಚಿತವಲ್ಲ. 1956ರವರೆಗೆ ಇವೆರಡೂ ಬೀದರ, ಕಲಬುರಗಿ, ರಾಯಚೂರುಗಳಂತೆಯೇ ಹೈದರಾಬಾದ್ ಸಂಸ್ಥಾನದ, ಆನಂತರ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಕೊನೆಯ ನಿಜಾಮರ ಹೆಸರನ್ನು ಹೊತ್ತಿದ್ದ ಉಸ್ಮಾನಾಬಾದ್ 2023ರಲ್ಲಿ ಧಾರಾಶಿವ ಎಂದು ಮರುನಾಮಕರಣಗೊಂಡಿತು. ಬೀದರ, ಕಲಬುರಗಿಗಳಿಗೆ ತಾಗಿಕೊಂಡಿರುವ ಸೀಮೆ ಅದು; ಅದೇ ಕಪ್ಪು ನೆಲ, ಅದೇ ಜೋಳ, ಅದೇ ತೊಗರಿ. ಕರುಳಿನ ಕ್ಯಾನ್ಸರನ್ನು ಪ್ರತ್ಯೇಕವಾಗಿ ನೋಡಿದರೂ ಚಿತ್ರ ಇದೇ ದಿಕ್ಕಿನದು. ತಿರುವನಂತಪುರ, ಬೆಂಗಳೂರು, ಚೆನ್ನೈಗಳಂತಹ ಊರುಗಳಲ್ಲಿ ಹೆಚ್ಚು, ಮರಾಠವಾಡದ ಹಳ್ಳಿಗಾಡಿನಲ್ಲಿ ಬಹಳ ಕಡಿಮೆ. ಬೆಂಗಳೂರಿನಲ್ಲಿ ಅದು ವರ್ಷದಿಂದ ವರ್ಷಕ್ಕೆ ಏರುತ್ತಲೂ ಇದೆ.

ಇಲ್ಲಿ ಓದುಗರು ಕೇಳಬೇಕಾದ ಪ್ರಶ್ನೆ: ಹಳ್ಳಿಗಳಲ್ಲಿ ರೋಗವೇ ಕಡಿಮೆಯೋ, ರೋಗ ಪತ್ತೆಯಾಗುವುದು ಕಡಿಮೆಯೋ? ಕೊಲೊನೋಸ್ಕೋಪಿ ಮಾಡುವವರೇ ಇಲ್ಲದ ಊರಿನಲ್ಲಿ ಕರುಳಿನ ಕ್ಯಾನ್ಸರಿನಿಂದ ಸತ್ತವನು "ಹೊಟ್ಟೆಬೇನೆಯಿಂದ ಹೋದ" ಎನಿಸಿಕೊಳ್ಳುತ್ತಾನೆ. ಇದಕ್ಕೆ ಉತ್ತರ ಹುಡುಕಲು ನೆರವಾಗುವ ಜಾಗ ಸೊಲ್ಲಾಪುರ ಜಿಲ್ಲೆಯ ಬಾರ್ಶಿ. 1987ರಲ್ಲಿ ಅಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಪ್ರಾರಂಭವಾಯಿತು. ಹಳ್ಳಿಗರು ತಾವಾಗಿ ಆಸ್ಪತ್ರೆಗೆ ಬರುವುದಿಲ್ಲವೆಂದು ತಿಳಿದ ಅಲ್ಲಿನವರು ತಾವೇ ಊರೂರಿಗೆ ಹೋಗಿ, ಸಭೆ ನಡೆಸಿ, ಲಕ್ಷಣಗಳನ್ನು ವಿವರಿಸಿ, ಸಂಶಯವಿದ್ದವರನ್ನು ಪರೀಕ್ಷೆಗೆ ಕರೆತಂದರು. ಅಷ್ಟು ಹುಡುಕಿದ ಮೇಲೆಯೂ ಬಾರ್ಶಿಯ ಒಟ್ಟು ದರ ಬೆಂಗಳೂರಿನ ಅರ್ಧದ ಆಸುಪಾಸಿನಲ್ಲಿಯೇ ಉಳಿಯಿತು. ಉಸ್ಮಾನಾಬಾದ್ ಕೂಡ ವೈದ್ಯರ ಕಣ್ಣಿಗೆ ಬೀಳದ ಜಿಲ್ಲೆಯಲ್ಲ. ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಬಗ್ಗೆ 2009ರಲ್ಲಿ ಪ್ರಕಟವಾದ, ಜಗತ್ತೇ ಉಲ್ಲೇಖಿಸುವ ಅಧ್ಯಯನ ನಡೆದದ್ದು ಅಲ್ಲಿನ ಹಳ್ಳಿಗಳ 1.3 ಲಕ್ಷ ಮಹಿಳೆಯರಲ್ಲಿ. ಆದ್ದರಿಂದ ನಮ್ಮ ಅಭಿಪ್ರಾಯದಲ್ಲಿ ಎರಡೂ ನಿಜ: ಆ ಸೀಮೆಯಲ್ಲಿ ರೋಗ ನಿಜವಾಗಿಯೂ ಕಡಿಮೆ, ಆದರೆ ಕಾಗದದಲ್ಲಿ ಕಾಣುವಷ್ಟು ಕಡಿಮೆಯಲ್ಲ.

ಬೀದರ, ಕಲಬುರಗಿ, ರಾಯಚೂರುಗಳದೇನು ಸ್ಥಿತಿ ಎಂದು ಕೇಳುತ್ತೀರಿ. ಆ ವರದಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು ಒಂದೇ, ತೆಲಂಗಾಣದಿಂದ ಹೈದರಾಬಾದ್ ಜಿಲ್ಲೆ ಒಂದೇ. ದೇಶದ ಜನಸಂಖ್ಯೆಯ ಶೇಕಡಾ 80ಕ್ಕೂ ಹೆಚ್ಚು ಭಾಗ ಇಂತಹ ನೋಂದಣಿಗಳ ಹೊರಗೇ ಇದೆ. ನಮ್ಮ ತವರುಜಿಲ್ಲೆಗಳು ನಕಾಶೆಯಲ್ಲಿ ಬಿಳಿಯಾಗಿವೆ. ಬಿಳಿ ಎಂದರೆ ರೋಗವಿಲ್ಲವೆಂದಲ್ಲ, ಯಾರೂ ಎಣಿಸಿಲ್ಲವೆಂದು. ಅಲ್ಲಿನ ರೋಗಿಗಳ ಒಂದು ಪಾಲು ಹೈದರಾಬಾದಿನ ಆಸ್ಪತ್ರೆಗಳ ಕಡತಗಳಲ್ಲಿದ್ದಾರೆ. ರೆಡ್ ಹಿಲ್ಸಿನಲ್ಲಿ 1955ರಿಂದ ಇರುವ ಸರಕಾರಿ ಕ್ಯಾನ್ಸರ್ ಆಸ್ಪತ್ರೆಯಾದ ಎಂಎನ್‌ಜೆ ಸಂಸ್ಥೆಯ ಅಂಗಳದಲ್ಲಿ ಒಂದು ಗಂಟೆ ಕುಳಿತರೆ ಬೀದರ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಯಾವ ತಾಲೂಕಿನಿಂದ ಎಷ್ಟು ಜನ ಇಷ್ಟು ದೂರ ಬರುತ್ತಾರೆಂಬುದು ತಿಳಿದರೆ ಮಾತ್ರ ಅಲ್ಲಿಗೆ ಎಷ್ಟು ತಜ್ಞರು, ಎಷ್ಟು ಯಂತ್ರಗಳು ಬೇಕೆಂದು ಕೇಳಲು ಆಧಾರ ಸಿಗುತ್ತದೆ. ಅವರೆಲ್ಲರೂ ಬರ್ಕತ್‌ಪುರದವರೆಂದು ದಾಖಲಾದರೆ ಕೇಳುವುದೇನನ್ನು?

ಶ್ರೀಮಂತ ದೇಶಗಳ ನಕಾಶೆಯಲ್ಲಿ ಚಿತ್ರ ತಿರುವುಮುರುವಾಗಿದೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಸಂಶೋಧಕರು 1970ರಿಂದ 2011ರವರೆಗಿನ ಅಂಕಿಗಳನ್ನು ಕೌಂಟಿವಾರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರುಳಿನ ಕ್ಯಾನ್ಸರಿನ ಸಾವುಗಳು ಹೆಚ್ಚಾಗಿರುವ ಮೂರು ಪ್ರದೇಶಗಳನ್ನು ಗುರುತಿಸಿದರು: ಮಿಸಿಸಿಪಿ ನದಿಯ ಕೆಳಕಣಿವೆ, ಅಪಲೇಷಿಯನ್ ಬೆಟ್ಟಸೀಮೆಯ ಪಶ್ಚಿಮ ಭಾಗ, ವರ್ಜೀನಿಯಾ ಮತ್ತು ಉತ್ತರ ಕೆರೊಲಿನಾಗಳ ಪೂರ್ವ ಭಾಗ. ಮೊದಲನೆಯದರಲ್ಲಿ ಸಾವಿನ ದರ ಉಳಿದ ದೇಶಕ್ಕಿಂತ ಶೇಕಡಾ 40ರಷ್ಟು ಹೆಚ್ಚು. ಮೂರೂ ಬಡತನ ಹೆಚ್ಚಿರುವ ಸೀಮೆಗಳು. ಆಸಕ್ತಿಯ ಸಂಗತಿಯೆಂದರೆ 1970ರ ಸುಮಾರಿನಲ್ಲಿ ಅಲ್ಲಿಯೂ ಈ ರೋಗದ ಸಾವುಗಳು ಹೆಚ್ಚಾಗಿದ್ದದ್ದು ಈಶಾನ್ಯದ ಉಳ್ಳವರ ರಾಜ್ಯಗಳಲ್ಲಿ. ಆಮೇಲೆ ಉಳ್ಳವರು ತಪಾಸಣೆ ಮಾಡಿಸಿಕೊಂಡರು, ಪಾಲಿಪ್ ತೆಗೆಸಿಕೊಂಡರು, ಸಿಗರೇಟು ಬಿಟ್ಟರು. ಅವರ ಸಾವುಗಳು ಇಳಿದವು. ಬಡವರಿಗೆ ತಪಾಸಣೆ ತಲುಪಲಿಲ್ಲ, ಅಗ್ಗದ ಸಂಸ್ಕರಿತ ಆಹಾರ ಮಾತ್ರ ತಲುಪಿತು. ನಾಲ್ಕು ದಶಕಗಳಲ್ಲಿ ನಕಾಶೆ ಮಗುಚಿಕೊಂಡಿತು.

ಭಾರತ ಈಗ ಆ ಕಥೆಯ ಮೊದಲ ಅಧ್ಯಾಯದಲ್ಲಿದೆ. ನಗರದ ರೋಗವಾಗಿ ಬೆಳೆಯುತ್ತಿದೆ. ಹಳ್ಳಿಯ ಬಡವನಿಗೆ ಅದು ತಲುಪುವ ಹೊತ್ತಿಗೆ ತಪಾಸಣೆಯೂ ತಲುಪಿರುತ್ತದೆಯೇ ಎಂಬುದು ನಿಜವಾದ ಪ್ರಶ್ನೆ. ಸರಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿಗೆ ತಪಾಸಣೆ ಇದೆ, ಕರುಳಿನದಕ್ಕೆ ಇಲ್ಲ. ಲಕ್ಷಕ್ಕೆ 5ರಷ್ಟು ಬರುವ ರೋಗಕ್ಕೆ ಎಲ್ಲರನ್ನೂ ಪರೀಕ್ಷಿಸುವುದು ಇಂದಿನ ಸ್ಥಿತಿಯಲ್ಲಿ ಸರಿಯಾದ ವೆಚ್ಚವಲ್ಲವೆಂಬ ವಾದದಲ್ಲಿ ಹುರುಳಿದೆ. ಅಮೆರಿಕದಲ್ಲಿ 2021ರಿಂದ 45ನೆಯ ವಯಸ್ಸಿಗೇ ತಪಾಸಣೆಯನ್ನು ಶಿಫಾರಸು ಮಾಡಿದ್ದಾರೆ. ಹೀಗಾಗಿ ಡಲ್ಲಾಸಿನಲ್ಲಿರುವ ನಲವತ್ತೈದರ ಮಗನಿಗೆ ಪರೀಕ್ಷೆಗೆ ಬರಲು ವೈದ್ಯರು ಹೇಳುತ್ತಾರೆ, ವಿದ್ಯಾನಗರದಲ್ಲಿರುವ ಎಪ್ಪತ್ತರ ತಂದೆಗೆ ಯಾರೂ ಹೇಳುವುದಿಲ್ಲ.

ಆಹಾರದ ಬಗ್ಗೆ ಹೇಳದಿದ್ದರೆ ಓದುಗರು ನಮ್ಮನ್ನು ಬಿಡಲಾರರು. ಉಗಾಂಡಾದಲ್ಲಿ ದೀರ್ಘಕಾಲ ಕೆಲಸ ಮಾಡಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್, ಅಲ್ಲಿನ ಹಳ್ಳಿಗರಲ್ಲಿ ಈ ರೋಗ ಕಾಣದಿರುವುದಕ್ಕೆ ಅವರ ಆಹಾರದ ನಾರಿನಂಶವೇ ಕಾರಣವಿರಬೇಕೆಂದು 1971ರಲ್ಲಿ ವಾದಿಸಿದರು. ನಮ್ಮ ತಾರ್ನಾಕದ ರಾಷ್ಟ್ರೀಯ ಪೋಷಣೆ ಸಂಸ್ಥೆಯ ಆಹಾರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಕಲಬುರಗಿಯಿಂದ ಬಂದು ಮೂವತ್ತು ವರ್ಷದಲ್ಲಿ ಎರಡು ಹೊತ್ತಿನ ರೊಟ್ಟಿಯಿಂದ ಎರಡು ಹೊತ್ತಿನ ಸೋನಾ ಮಸೂರಿಗೆ ಬದಲಾದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಹಾಗೆಂದು ಬೀಡ, ಉಸ್ಮಾನಾಬಾದಿನ ಕಡಿಮೆ ದರಕ್ಕೆ ಜೋಳವೇ ಕಾರಣವೆಂದು ತೀರ್ಪು ಕೊಡುವುದು ಅವಸರದ ಮಾತಾಗುತ್ತದೆ. ಅಲ್ಲಿನವರು ಹೊಲದಲ್ಲಿ ದುಡಿಯುತ್ತಾರೆ, ತೆಳ್ಳಗಿರುತ್ತಾರೆ, ಮಾಂಸ ತಿನ್ನುವುದು ಅಪರೂಪ. ಇವುಗಳಲ್ಲಿ ಯಾವುದು ಎಷ್ಟು ಕಾಪಾಡಿತೆಂದು ಬಿಡಿಸಿ ಹೇಳಲು ನಕಾಶೆಯಿಂದ ಆಗದು. ಅಮೆರಿಕದಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2000ದಲ್ಲಿ ಬಂತು. ಒಮ್ಮೆ ಪಾಲಿಪ್ ತೆಗೆಸಿಕೊಂಡವರಿಗೆ ಕೆಲವು ವರ್ಷ ನಾರು ಹೆಚ್ಚಿಸಿ ಕೊಟ್ಟರೂ ಪಾಲಿಪ್ ಮರಳುವುದು ತಪ್ಪಲಿಲ್ಲ. ಜೀವಮಾನವಿಡೀ ತಿಂದುದಕ್ಕೂ ಐವತ್ತರ ನಂತರ ಸೇರಿಸಿಕೊಂಡುದಕ್ಕೂ ವ್ಯತ್ಯಾಸವಿರಬಹುದು. ಧಾನ್ಯವನ್ನು ಪೂರ್ತಿಯಾಗಿ ತಿನ್ನುವುದು ಒಳ್ಳೆಯದೆಂಬ ವೈದ್ಯರ ಸಲಹೆ ಮಾತ್ರ ಬದಲಾಗಿಲ್ಲ. ರೊಟ್ಟಿ ಔಷಧವಲ್ಲ, ಒಳ್ಳೆಯ ಊಟ, ಅಷ್ಟೇ.

ಹಾನಿಯ ಪಟ್ಟಿ ಇದಕ್ಕಿಂತ ಸ್ಪಷ್ಟ. ಮದ್ಯ, ತಂಬಾಕು, ಸೊಂಟದ ಸುತ್ತಿನ ಬೊಜ್ಜು, ಕುಳಿತೇ ಕಳೆಯುವ ದಿನ. ಸಂಸ್ಕರಿಸಿದ ಮಾಂಸವನ್ನು, ಅಂದರೆ ಸಾಸೇಜ್, ಸಲಾಮಿ ಮುಂತಾದವನ್ನು, ಮೇಲೆ ಹೇಳಿದ ಅಂತರರಾಷ್ಟ್ರೀಯ ಸಂಸ್ಥೆ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು; ದಿನಕ್ಕೆ 50 ಗ್ರಾಂ ತಿನ್ನುವವರಲ್ಲಿ ಅಪಾಯ ಶೇಕಡಾ 18ರಷ್ಟು ಏರುತ್ತದೆ. ಕೆಂಪು ಮಾಂಸ ಎರಡನೆಯ ಗುಂಪಿನಲ್ಲಿದೆ. ರಮಜಾನಿನ ಹಲೀಮನ್ನು ಸವಿಯುವ ನಮ್ಮ ಮಿತ್ರರು ಗಾಬರಿಯಾಗಬೇಕಿಲ್ಲ, ಇದು ನಿತ್ಯದ ಅಭ್ಯಾಸದ ಮಾತು. ಸಸ್ಯಾಹಾರಿಗಳು ತಮಗೆ ಇದು ಸಂಬಂಧಿಸಿಲ್ಲವೆಂದು ನಿಶ್ಚಿಂತರಾಗುವುದೂ ಬೇಡ, ಬೊಜ್ಜಿಗೆ ಆಹಾರಭೇದವಿಲ್ಲ.

ನಮ್ಮ ದೇಶದ ಕರುಳಿನ ಕ್ಯಾನ್ಸರಿಗೆ ತನ್ನದೇ ಆದ ಕೆಲವು ಲಕ್ಷಣಗಳಿವೆ. ಕರುಳಿನ ಕೊನೆಯ ಭಾಗವಾದ ಗುದನಾಳದ ಪಾಲು ಇಲ್ಲಿ ಹೆಚ್ಚು. ಮುಂಬಯಿಯ ಟಾಟಾ ಆಸ್ಪತ್ರೆಯವರು 2017ರಲ್ಲಿ ಪ್ರಕಟಿಸಿದ 800 ರೋಗಿಗಳ ವಿವರದಲ್ಲಿ ಸರಾಸರಿ ವಯಸ್ಸು ಸುಮಾರು 47. ನಮ್ಮದು ಕಿರಿಯರ ದೇಶವಾದುದರಿಂದ ಸರಾಸರಿ ತುಸು ಕೆಳಗಿರುವುದು ಸಹಜವೇ. ಆದರೂ "ಈ ವಯಸ್ಸಿನಲ್ಲಿ ಕ್ಯಾನ್ಸರೆಲ್ಲಿಂದ ಬಂತು" ಎಂದು ತಳ್ಳಿಹಾಕುವಂತಿಲ್ಲ. ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲ ನಿರ್ಣಯ ಮೂಲವ್ಯಾಧಿ. ನಿರ್ಣಯ ಮಾಡುವವರು ರೋಗಿಯೇ, ಇಲ್ಲವೇ ಪಕ್ಕದ ಮನೆಯವರು, ಇಲ್ಲವೇ ಬಸ್‌ನಿಲ್ದಾಣದ ಗೋಡೆಯ ಜಾಹೀರಾತು. ನಮ್ಮ ಬಳಗದ ಹಿರಿಯರೊಬ್ಬರು ಎಂಟು ತಿಂಗಳು ಮೂಲವ್ಯಾಧಿಯ ಪುಡಿ ಸೇವಿಸಿದರು. ಪರೀಕ್ಷಿಸದೆಯೇ ಪುಡಿ ಕೊಟ್ಟವರು ಒಬ್ಬರು, ಪರೀಕ್ಷಿಸಿಕೊಳ್ಳಲು ನಾಚಿದವರು ಇವರು. ಕೊನೆಗೆ ವೈದ್ಯರೊಬ್ಬರು ಕೈಗವಸು ತೊಟ್ಟು ಬೆರಳಿನಿಂದ ಮಾಡಿದ ಒಂದು ನಿಮಿಷದ ಪರೀಕ್ಷೆಯಲ್ಲಿ ಗಂಟು ಸಿಕ್ಕಿತು. ಗುದನಾಳದ ಕೆಳಭಾಗದ ಗಂಟುಗಳನ್ನು ಅನೇಕ ವೇಳೆ ಹೀಗೆ ಯಾವ ಯಂತ್ರವೂ ಇಲ್ಲದೆ ಪತ್ತೆ ಮಾಡಬಹುದು. ಅದು ಬೀದರಿನಲ್ಲಿಯೂ ಆಗುವ ಪರೀಕ್ಷೆ, ಅದಕ್ಕೆ ಹೈದರಾಬಾದ್ ಬೇಕಿಲ್ಲ.

ನಲವತ್ತು ದಾಟಿದವರಲ್ಲಿ ಮಲದಲ್ಲಿ ರಕ್ತ, ಕೆಲವು ವಾರಗಳಿಂದ ಬದಲಾದ ಮಲವಿಸರ್ಜನೆಯ ಕ್ರಮ, ಕಾರಣವಿಲ್ಲದೆ ಇಳಿದ ತೂಕ ಕಂಡರೆ ವೈದ್ಯರನ್ನು ಕಾಣಬೇಕು. ಪುರುಷರಲ್ಲಿ ಅಥವಾ ಮುಟ್ಟು ನಿಂತ ಮಹಿಳೆಯರಲ್ಲಿ ರಕ್ತಹೀನತೆ ಇದ್ದರೆ ಕಬ್ಬಿಣದ ಮಾತ್ರೆಯಷ್ಟಕ್ಕೇ ಸುಮ್ಮನಾಗದೆ ರಕ್ತ ಎಲ್ಲಿ ಹೋಗುತ್ತಿದೆಯೆಂದು ಕೇಳಬೇಕು. ತಂದೆತಾಯಿ ಅಥವಾ ಒಡಹುಟ್ಟಿದವರಿಗೆ ಈ ರೋಗ ಬಂದಿದ್ದರೆ ಲಕ್ಷಣಗಳಿಗಾಗಿ ಕಾಯಬಾರದು. ಕೊಲೊನೋಸ್ಕೋಪಿಯನ್ನು ಯಾವಾಗ ಮಾಡಿಸಬೇಕೆಂದು ಈಗಲೇ ವಿಚಾರಿಸುವುದು ಒಳ್ಳೆಯದು.

ಇನ್ನು ಆ ಅರ್ಜಿಯ ಮಾತು. ಅನೇಕ ಆಸ್ಪತ್ರೆಗಳ ನೋಂದಣಿ ಕಾಗದದಲ್ಲಿ ಎರಡು ಜಾಗಗಳಿರುತ್ತವೆ: ಈಗಿನ ವಿಳಾಸ, ಖಾಯಂ ವಿಳಾಸ. ಮೊದಲನೆಯದರಲ್ಲಿ ನಮ್ಮ ಮನೆಯದನ್ನು ಬರೆಸಬಹುದು, ಔಷಧದ ವಿಚಾರಕ್ಕೆ ಫೋನ್ ಮಾಡಲು ಅವರಿಗೂ ಅನುಕೂಲ. ಎರಡನೆಯದರಲ್ಲಿ ಊರು, ತಾಲೂಕು, ಜಿಲ್ಲೆ, ಪಿನ್ ಕೋಡ್ ಸಹಿತ ಅವರದೇ ಹಳ್ಳಿಯ ಹೆಸರಿರಲಿ. ಎಷ್ಟು ವರ್ಷದಿಂದ ಅಲ್ಲಿದ್ದಾರೆಂದು ಕೇಳಿದರೆ ಅದನ್ನೂ ಸರಿಯಾಗಿ ಹೇಳೋಣ. ಒಂದೇ ಜಾಗವಿದ್ದರೆ ಹಳ್ಳಿಯದನ್ನು ಬರೆಸಿ, ನಮ್ಮ ಫೋನ್ ಸಂಖ್ಯೆಯನ್ನು ಕೊಟ್ಟರಾಯಿತು. ಕಿಟಕಿಯ ಆಚೆಯವರಿಗೆ ಹಳ್ಳಿಯ ಹೆಸರು ತಿಳಿಯದಿದ್ದರೆ ಅಕ್ಷರ ಬಿಡಿಸಿ ಹೇಳಲು ಜೊತೆಯಲ್ಲಿ ನಾವಿರುತ್ತೇವಲ್ಲ.